ಹೆಬ್ಬೆರಳಿನ ತಪ್ಪು

ಅವರು ತೀರಿಕೊಂಡ ದಿನ ಈ ಪರದೇಶದ ಮಿಸಿಸಾಗಾ ಊರಿನ ಕನ್ನಡಿಗರೆಲ್ಲ ಹೇಳಿದ್ದು ಒಂದೇ ಮಾತು, ಎಂಥ ಶಿಸ್ತಿನ ಮನುಷ್ಯ ಅಂತ. ಫ್ಯೂನರಲ್ ಹೋಮಿನ ಪಾರ್ಕಿಂಗಿನಲ್ಲಿ ನಿಂತು, ಚಳಿಗೆ ಕೈ ಉಜ್ಜಿಕೊಳ್ಳುತ್ತ, ಒಬ್ಬರಾದ ಮೇಲೆ ಒಬ್ಬರು ಅದನ್ನೇ ಹೇಳಿದರು. ನಾನೂ ತಲೆಯಾಡಿಸಿದೆ. ಆ ದಿನ ನನಗೆ ಅವರ ಮೇಲೆ ಸಿಟ್ಟಿರಲಿಲ್ಲ. ಸಿಟ್ಟು ಬಂದದ್ದು ಆಮೇಲೆ, ಬೈಸಿಕೊಳ್ಳಲು ಅವರೇ ಇಲ್ಲದ ಹೊತ್ತಿನಲ್ಲಿ. ಅವರ ಹೆಸರು ಇಲ್ಲಿ ಹೇಳುವುದಿಲ್ಲ. ಅವರ ಹೆಂಡತಿ ಇದ್ದಾರೆ, ಇವತ್ತಿಗೂ ನನ್ನನ್ನು ಊಟ ಹಾಕದೆ ಕಳಿಸುವುದಿಲ್ಲ.

ಧಾರವಾಡದವರು. ರೆಕ್ಸ್‌ಡೇಲಿನ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ತಪಾಸಣೆ ವಿಭಾಗದ ಇಂಜಿನಿಯರ್ ಆಗಿದ್ದು ನಿವೃತ್ತರಾದವರು. ಮನೆ ಸ್ಟ್ರೀಟ್ಸ್‌ವಿಲ್‌ನಲ್ಲಿ. ಕನ್ನಡ ಸಂಘದ ಮಕ್ಕಳು ಅವರನ್ನು ಗನ್ ಕಾಕಾ ಅನ್ನುತ್ತಿದ್ದವು. ನಾನು ಮೈಸೂರಿನವನು, ಸಾಫ್ಟ್‌ವೇರಿನವನು, ವಯಸ್ಸಿನಲ್ಲಿ ಅವರಿಗಿಂತ ಬಹಳ ಚಿಕ್ಕವನು. ನನಗೆ ಅವರು ಮೊದಲಿನಿಂದ ಕೊನೆಯವರೆಗೂ ಸರ್.

ಬಂದೂಕು ಅಂದ ಕೂಡಲೇ ನಮ್ಮ ಜನ ಕೇಳುತ್ತಿದ್ದ ಮೊದಲ ಪ್ರಶ್ನೆ, ಎಷ್ಟು ಜಿಂಕೆ ಹೊಡೆದಿದ್ದೀರಿ ಎಂದು. ಅವರು ಬೇಸರದಿಂದ, 'ನಾ ಕಾಗದಾ ಹೊಡೀತೀನ್ರಿ' ಅನ್ನುತ್ತಿದ್ದರು. ಅವರ ಆಟ ಬೆಂಚ್‌ರೆಸ್ಟ್. ಸಿಮೆಂಟಿನ ಮೇಜಿನ ಮೇಲೆ ಮರಳಿನ ಚೀಲಗಳಿಟ್ಟು, ಅವುಗಳ ಮೇಲೆ ಭಾರದ ರೈಫಲ್ ಮಲಗಿಸಿ, ನೂರು ಗಜ ದೂರದ ಕಾಗದಕ್ಕೆ ಐದು ಗುಂಡು ಹೊಡೆಯಬೇಕು. ನಡುವಿನ ಚುಕ್ಕೆಗೇ ತಾಗಬೇಕೆಂದಿಲ್ಲ. ಐದೂ ಒಂದರ ಮೇಲೊಂದು ಬೀಳಬೇಕು, ಐದು ಗುಂಡಿನ ಜಾಗದಲ್ಲಿ ಒಂದೇ ತೂತು ಕಾಣಬೇಕು. ಎರಡು ತೂತು ಒಂಚೂರು ದೂರವಾದರೆ ಆ ಇಡೀ ವಾರ ಹಾಳು. ಕೇಳಿದವರು ನಗುತ್ತಾರೆ. ನಾನೂ ಮೊದಲ ದಿನ ನಕ್ಕೆ.

ಅವರ ಮನೆಯ ಸತ್ಯನಾರಾಯಣ ಪೂಜೆಗೆ ಹೋದಾಗ ಪ್ರಸಾದ ಕೈಯಲ್ಲಿದ್ದ ನನ್ನನ್ನು ಬೇಸ್‌ಮೆಂಟಿಗೆ ಕರೆದುಕೊಂಡು ಹೋದರು. ಮೆಟ್ಟಿಲ ಬಳಿಯೇ ಪ್ರಸಾದ ಮುಗಿಸಿ ಕೈ ತೊಳೆದು ಬಾ ಎಂದು ವಾಪಸು ಕಳಿಸಿದರು. ಕೆಳಗೆ ಒಂದು ಮೂಲೆಯಲ್ಲಿ ಅವರ ಕಾಡತೂಸು ತುಂಬುವ ಮೇಜು. ಅಂಗಡಿಯ ಕಾಡತೂಸನ್ನು ಅವರು ಮುಟ್ಟುತ್ತಿರಲಿಲ್ಲ. ಹಿತ್ತಾಳೆಯ ಕೇಸು, ಮದ್ದು, ಗುಂಡು, ಎಲ್ಲವನ್ನೂ ಬೇರೆಬೇರೆಯಾಗಿ ತಂದು ತಾವೇ ಕೂಡಿಸುತ್ತಿದ್ದರು. ಒಂದೊಂದು ಗುಂಡನ್ನೂ ತೂಗಿ, ಉದ್ದ ಅಳೆದು, ತೂಕಕ್ಕೆ ತಕ್ಕಂತೆ ವಿಂಗಡಿಸಿ ಹಳೆಯ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಹಾಕಿಟ್ಟಿದ್ದರು. ವೈನಿ, ಅಂದರೆ ಅವರ ಹೆಂಡತಿ, ಎಲ್ಲರ ಬಾಯಲ್ಲೂ ವೈನಿಯೇ, ಆ ತಟ್ಟೆ ಕಳೆದುಹೋಗಿದೆ ಎಂದು ಹೊಸ ಇಡ್ಲಿ ಸ್ಟ್ಯಾಂಡ್ ತರಿಸಿಕೊಂಡಿದ್ದರಂತೆ. ನಾನು ಮರುವಾರವೇ ಲೈಸೆನ್ಸಿನ ಕೋರ್ಸಿಗೆ ಹೆಸರು ಕೊಟ್ಟೆ.

ಅವರು ಕಲಿಸಿದ್ದು ಸುಳ್ಳಲ್ಲ. ಪಿಕರಿಂಗ್ ದಾಟಿ ಉತ್ತರಕ್ಕೆ ಹೋದರೆ ಸಿಗುವ, ಗುಂಡು ಹೊಡೆಯುವ ರೇಂಜಿಗೆ ಬೇಸಿಗೆಯ ಪ್ರತಿ ಶನಿವಾರ ಅವರ ಕಾರಿನಲ್ಲೇ ಕರೆದುಕೊಂಡು ಹೋಗುತ್ತಿದ್ದರು. ಗಾಳಿ ಓದಲು ಗುಂಡು ಹೋಗುವ ದಾರಿಯುದ್ದಕ್ಕೂ ನೆಡುವ ರಿಬ್ಬನ್ನಿನ ಪಟಗಳನ್ನು ನೋಡಲು ಕಲಿಸಿದರು. ಬೆಳಗಿನ ತಂಪಿಗೆ ಸರಿಹೊಂದಿದ ಮದ್ದು ಮಧ್ಯಾಹ್ನದ ಬಿಸಿಲಿಗೆ ಹೊಂದುವುದಿಲ್ಲ, ಸರದಿಗಳ ನಡುವೆ ಅಲ್ಲೇ ಕೂತು ಅಳತೆ ಬದಲಿಸಬೇಕು ಎಂದು ಕಲಿಸಿದರು. 'ರೈಫಲ್ ಅಂದ್ರ ತಂಬೂರಿ ಇದ್ಹಂಗ ತಮ್ಮಾ. ಬೆಳಿಗ್ಗೆ ಶ್ರುತಿ ಮಾಡಿದ್ದು ಸಂಜೀತನಕ ಇರೂದಿಲ್ಲ' ಅನ್ನುತ್ತಿದ್ದರು. ಅವರ ಬಾಯಿಂದ ಬಂದ ಇಂಪಾದ ಮಾತು ಇದೊಂದೇ ಇರಬೇಕು. ಆ ಕಾರಿನಲ್ಲಿ ನಾನು ಬಹಳ ಸಂತೋಷವಾಗಿದ್ದೆ, ಅದನ್ನೂ ಹೇಳಬೇಕು. ಕನ್ನಡದಲ್ಲಿ ಹರಟುತ್ತ, ವೈನಿ ಕಟ್ಟಿಕೊಟ್ಟ ಅವಲಕ್ಕಿ ತಿನ್ನುತ್ತ, ಆಫೀಸಿನ ಗೋಜಲನ್ನೆಲ್ಲ ಮರೆತು ಹೋಗುತ್ತಿದ್ದೆ. ಕಾರಿನೊಳಗೆ ಚೂರು ಬೀಳಿಸಬಾರದು, ಅಷ್ಟೆ.

ಮನುಷ್ಯರನ್ನೂ ಅವರು ಗುಂಡಿನ ಹಾಗೆಯೇ ವಿಂಗಡಿಸುತ್ತಿದ್ದರು. 'ಅಂವಾ ಬ್ಯಾರೇ ಲಾಟ್' ಎಂದರೆ ಆ ಮನುಷ್ಯನ ಕಥೆ ಮುಗಿಯಿತು ಎಂದು ಅರ್ಥ. ಬೆಳಗಾವಿಯ ಒಬ್ಬ ಸಂಭಾವಿತ ಮನುಷ್ಯ, ಅವರ ಬಹುಕಾಲದ ಸ್ನೇಹಿತ, ರೇಂಜಿಗೆ ಹೊರಡುವಾಗ ಎರಡು ಸಲ ತಡವಾಗಿ ಬಂದರು. ಮೂರನೆಯ ಸಲ ಬರುವಷ್ಟರಲ್ಲಿ ಕಾರು ಹೋಗಿಯಾಗಿತ್ತು. ಆಮೇಲೆ ಸಂಘದ ಯುಗಾದಿ ಊಟದಲ್ಲಿ ಎದುರಿಗೇ ಕೂತರೂ ಇವರು ಆ ಮನುಷ್ಯನ ಕಡೆ ಉಪ್ಪಿನ ಡಬ್ಬಿಯನ್ನೂ ಸರಿಸಲಿಲ್ಲ. ಮನೆಯಲ್ಲಿ ವೈನಿ ಚಹಾ ಕೊಟ್ಟರೆ ಒಂದು ಗುಟುಕು ಕುಡಿದು, ನಿನ್ನೆಗಿಂತ ಸಕ್ಕರೆ ಒಂದೀಟು ಜಾಸ್ತಿ ಎನ್ನುತ್ತಿದ್ದರು. ಅವರು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು, ಅದೇ ತೊಂದರೆ. ವೈನಿ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು.

ಅದೃಷ್ಟ ಎಂಬ ಮಾತು ಅವರೆದುರು ಆಡುವಂತಿರಲಿಲ್ಲ. 'ಅಳೀಲಿಕ್ಕೆ ಬರಲಾರದವ್ರು ಅದೃಷ್ಟ ಅಂತಾರ' ಎಂದು ಬಾಯಿ ಮುಚ್ಚಿಸುತ್ತಿದ್ದರು.

ಈಗ ನಳಿಗೆಯ ವಿಷಯ. ಈ ಆಟದಲ್ಲಿ ನಳಿಗೆ, ಅಂದರೆ ಬ್ಯಾರಲ್, ತಿರುಪಿನಿಂದ ಬಿಚ್ಚಿ ಬದಲಿಸುವಂಥದ್ದು. ಹೊಡೆದಷ್ಟೂ ಒಳಗೆ ಸವೆಯುತ್ತದೆ, ಕೆಲವು ಬೇಸಿಗೆಗಳಲ್ಲಿ ಅದರ ಆಯಸ್ಸು ಮುಗಿಯುತ್ತದೆ. ಗ್ಯಾರೇಜಿನಲ್ಲಿ ಅವರದೊಂದು ಲೇತ್, ಲೋಹ ಕಡೆಯುವ ಯಂತ್ರ, ಇತ್ತು. ಒಂದು ಶರತ್ಕಾಲದಲ್ಲಿ ಒಂದೇ ಕಂಪನಿಯ, ಒಂದೇ ಲಾಟಿನ ಎರಡು ನಳಿಗೆ ತರಿಸಿ, ಒಂದೇ ದಿನ, ಒಂದೇ ಉಪಕರಣದಿಂದ ಕೊರೆದು ಎರಡನ್ನೂ ಸಿದ್ಧಪಡಿಸಿದರು. ಒಂದು ತಮಗೆ, ಒಂದು ನನಗೆ. ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು, ಯಾವುದು ಬೇಕೋ ಆರಿಸಿಕೋ, ಎರಡಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ ಎಂದರು. ನಾನು ಹತ್ತಿರದಲ್ಲಿದ್ದದ್ದನ್ನು ಎತ್ತಿಕೊಂಡೆ.

ಕೂಡಿಸುವ ಕೆಲಸ ಮುಂದಿನ ವಾರ ಎಂದಿದ್ದರಿಂದ ರೈಫಲನ್ನು ಅವರಲ್ಲೇ ಬಿಟ್ಟು ನಳಿಗೆಯನ್ನು ಮಾತ್ರ ಮನೆಗೆ ತಂದಿದ್ದೆ. ಅಷ್ಟರಲ್ಲಿ ಆಯುಧಪೂಜೆ ಬಂತು. ನನ್ನ ಹೆಂಡತಿ ಕಾರು, ಲ್ಯಾಪ್‌ಟಾಪು, ಮಿಕ್ಸಿ ಎಲ್ಲದರ ಜೊತೆ ಅದನ್ನೂ ಸಾಲಿನಲ್ಲಿಟ್ಟಳು. ಮನೆಯಲ್ಲಿ ಇದ್ದದ್ದರಲ್ಲಿ ಅದೊಂದೇ ನಿಜವಾದ ಆಯುಧ ಎಂದು ನಕ್ಕು, ಒದ್ದೆ ಬೆರಳಿನಲ್ಲಿ ಕುಂಕುಮ ಅದ್ದಿ, ತಿರುಪು ಮುಗಿದ ಜಾಗದಲ್ಲಿ ದಪ್ಪಗೆ ಒಂದು ಬೊಟ್ಟಿಟ್ಟಳು. ಪೂಜೆಯದ್ದನ್ನು ಕೂಡಲೇ ಒರೆಸಬಾರದು ಅಂತ ವಿಜಯದಶಮಿಯವರೆಗೆ ಹಾಗೇ ಬಿಟ್ಟೆವು. ಒರೆಸಿದಾಗ ಉಕ್ಕಿನ ಮೇಲೆ ಕಡಲೆಬೇಳೆಯಷ್ಟು ಕಂದು ಕಲೆ ಉಳಿದಿತ್ತು.

ಸರ್ ಅದನ್ನು ನೋಡಿ ಕೆಂಡವಾದರು. ಸ್ಟೇನ್‌ಲೆಸ್ ಉಕ್ಕಿಗೂ ಕಲೆ ಹತ್ತಿಸಿದ ಮೊದಲ ಹೆಂಗಸು ನಿನ್ನ ಹೆಂಡತಿ ಎಂದರು, ಕುಂಕುಮದಲ್ಲಿ ಏನೇನು ಬೆರೆಸುತ್ತಾರೋ ಎಂದು ಒಂದು ಭಾಷಣ ಮಾಡಿದರು. ತಮ್ಮ ಹೆಂಡತಿಗೆ ಅವರು ದಸರೆಯಲ್ಲಿ ಲೇತಿನ ಕಾಲಿಗೆ ಮಾತ್ರ ಕುಂಕುಮ ಹಚ್ಚಲು ಅಪ್ಪಣೆ ಕೊಟ್ಟಿದ್ದರು, ರೈಫಲಿನ ಹತ್ತಿರ ಸುಳಿಯುವಂತಿರಲಿಲ್ಲ. ಕೊನೆಗೆ ನಳಿಗೆಯನ್ನು ತಿರುಪಿ ಬಿಗಿ ಮಾಡಿದಾಗ ಆ ಕಲೆ ಕೆಳಮೈಗೆ ಹೋಗಿ, ಮರದ ಹಿಡಿಯ ಒಳಗೆ ಮರೆಯಾಯಿತು. ಬಿಚ್ಚಿದ ಹೊರತು ಕಾಣುವಂತಿರಲಿಲ್ಲ. ಬಿಚ್ಚುವ ಸಲಕರಣೆ ನನ್ನ ಹತ್ತಿರ ಇರಲಿಲ್ಲ.

ಅದರ ಮುಂದಿನ ಬೇಸಿಗೆಯ ಬಗ್ಗೆ ಹೇಗೆ ಹೇಳಲಿ. ನನ್ನ ನಳಿಗೆ ಹಾಡಿತು. ಆ ರೇಂಜಿನವರು ಹಾಗೆಯೇ ಅನ್ನುತ್ತಾರೆ, ಗುನುಗುವ ನಳಿಗೆ ಎಂದು. ಎಷ್ಟೋ ನಳಿಗೆಗಳಲ್ಲಿ ಒಂದು, ಯಾಕೆಂದು ಯಾರಿಗೂ ಗೊತ್ತಿಲ್ಲದ ಹಾಗೆ, ಏನು ಕೊಟ್ಟರೂ ಒಂದೇ ತೂತಿಗೆ ಹಾಕುತ್ತದೆ. ಮಾಡಿದವನಿಗೂ ಗೊತ್ತಿರುವುದಿಲ್ಲ, ಮತ್ತೊಂದು ಮಾಡು ಎಂದರೆ ಆಗುವುದಿಲ್ಲ. ಕಲಿತು ಮೂರು ವರ್ಷವೂ ಆಗದ ನಾನು ಸಾಲಾಗಿ ಪಂದ್ಯ ಗೆದ್ದೆ. ರೇಂಜು ನಡೆಸುವ ಕ್ಲಬ್ಬಿನ ಕಾರ್ಯದರ್ಶಿ, ಇಲ್ಲಿಯವನೇ ಆದ ಮುದುಕ, ನನ್ನ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಇಂಥದ್ದು ಒಬ್ಬನ ಜೀವಮಾನದಲ್ಲಿ ಒಂದು ಸಲ ಸಿಗುತ್ತದೆ, ಜೋಪಾನ ಎಂದ. ಪಕ್ಕದ ಮೇಜಿನಲ್ಲಿದ್ದ ಸರ್ ಭೂತಗನ್ನಡಿ ತೆಗೆದು ಅದೇ ಕಾಗದವನ್ನು ಬಹಳ ಹೊತ್ತು ನೋಡಿದರು. 'ಇವತ್ತ ಗಾಳಿ ಇದ್ದಿಲ್ಲ' ಎಂದರು. ಅವರ ನಳಿಗೆ ಆ ಬೇಸಿಗೆಯೆಲ್ಲ ಸುಮಾರಾಗಿಯೇ ಇತ್ತು. ವಾಪಸು ಬರುವಾಗ ರಸ್ತೆಯಿಂದ ಕಣ್ಣು ಕೀಳದೆ ಕಾರು ಓಡಿಸಿದರು. ದಣಿದಿದ್ದಾರೆ ಎಂದುಕೊಂಡು ನಾನು ಅವಲಕ್ಕಿ ಡಬ್ಬಿಯನ್ನು ತೆರೆಯಲಿಲ್ಲ.

ಚಳಿಗಾಲ ಬಂದಾಗ ರೈಫಲ್ ಕೇಳಿದರು. ಒಳಗೆಲ್ಲ ಶುದ್ಧ ಮಾಡಿ, ಟ್ರಿಗರ್ ಹದ ಮಾಡಿ ಕೊಡುತ್ತೇನೆ ಎಂದರು. ಇಷ್ಟು ಮುತುವರ್ಜಿ ಯಾರು ತೋರಿಸುತ್ತಾರೆ ಎಂದು ನನಗೆ ಕಣ್ಣು ತುಂಬಿತ್ತು. ರೈಫಲ್ ವಾಪಸು ಬಂದದ್ದು ಹಿಮ ಕರಗಿದ ಮೇಲೆ.

ಮೊದಲ ಪಂದ್ಯದಲ್ಲೇ ಗುಂಡುಗಳು ಚದುರಿದವು. ಮದ್ದು ಬದಲಿಸಿದೆ, ಗುಂಡು ಬದಲಿಸಿದೆ, ಏನು ಮಾಡಿದರೂ ಹಿಂದಿನ ವರ್ಷದ ತೂತು ಬರಲಿಲ್ಲ. ನಳಿಗೆಯಲ್ಲೇ ಏನಾದರೂ ಆಗಿದೆಯೇ ನೋಡಿ ಸರ್ ಎಂದು ಕೇಳಿದೆ. ಅವರು ನನ್ನ ಹಿಂದೆ ನಿಂತು ನಾಲ್ಕು ಗುಂಡು ಹೊಡೆಯುವವರೆಗೆ ನೋಡಿದರು. ಆಮೇಲೆ ನನ್ನ ಬಲಗೈಯ ಹೆಬ್ಬೆರಳನ್ನು ಹಿಡಿದು ಎತ್ತಿದರು.

'ತಪ್ಪು ಬ್ಯಾರಲ್‌ದಾಗ ಇಲ್ಲ. ಇದರಾಗ ಅದ. ಹೆಬ್ಬಟ್ಟು ಒತ್ತಲಿಕ್ಕತ್ತೀ. ಗೆದ್ದ ಮ್ಯಾಲೆ ಮನಷಾನ ಕೈಯಾಗ ಗರ್ವ ಇಳೀತದ.'

ನಾನು ನಂಬಿದೆ. ಯಾಕೆ ನಂಬಬಾರದು? ಚಹಾದಲ್ಲಿ ಸಕ್ಕರೆ ಎಷ್ಟು ಹೆಚ್ಚಾಯಿತೆಂದು ಹೇಳಬಲ್ಲ ಮನುಷ್ಯ. ಮನೆಯಲ್ಲಿ ಊಟದ ಮೇಜಿನ ಮೇಲೆ ಸಣ್ಣ ಅಕ್ಕಿ ಚೀಲ ಇಟ್ಟುಕೊಂಡು, ಹೆಬ್ಬೆರಳಿಗೆ ರಬ್ಬರ್ ಬ್ಯಾಂಡ್ ಕಟ್ಟಿಕೊಂಡು ಖಾಲಿ ರೈಫಲಿನ ಟ್ರಿಗರ್ ಒತ್ತುವ ಅಭ್ಯಾಸ ಮಾಡಿದೆ. ಮೊದಲು ಹೆಂಡತಿ ನಕ್ಕಳು, ಆಮೇಲೆ ನಗುವುದನ್ನು ಬಿಟ್ಟಳು. 'ಅಪ್ಪಾ, ಇಟ್ಸ್ ಜಸ್ಟ್ ಅ ಹಾಬಿ' ಎಂದು ಮಗಳು ಒಂದು ದಿನ ಮೆಲ್ಲಗೆ ಹೇಳಿದಳು. ಪೆನ್ನು ಹಿಡಿದರೂ, ಸ್ಟಿಯರಿಂಗ್ ಹಿಡಿದರೂ, ಅನ್ನ ಕಲಸಿದರೂ ನನಗೆ ನನ್ನ ಹೆಬ್ಬೆರಳೇ ಕಾಣುತ್ತಿತ್ತು. ಆಫೀಸಿನ ಮೀಟಿಂಗಿನಲ್ಲಿ ಅದನ್ನು ಮೇಜಿನ ಕೆಳಗೆ ಬಚ್ಚಿಟ್ಟುಕೊಳ್ಳುತ್ತಿದ್ದೆ ಎಂದರೆ ನಂಬುತ್ತೀರೋ ಇಲ್ಲವೋ.

ಎರಡು ಬೇಸಿಗೆ ಹೀಗೇ ಕಳೆದವು. ಆ ಎರಡೂ ಬೇಸಿಗೆ ಸರ್ ಗೆಲ್ಲದ ಪಂದ್ಯ ಇರಲಿಲ್ಲ. ಚಪ್ಪಾಳೆ ತಟ್ಟುವವರಲ್ಲಿ ನಾನೇ ಮುಂದೆ. ಅವರ ರಿಬ್ಬನ್ನಿನ ಪಟಗಳನ್ನು ನೆಟ್ಟವನು ನಾನು, ಕಿತ್ತು ಮಡಚಿ ಕಾರಿಗೆ ಹಾಕಿದವನು ನಾನು. ಸಂಘದ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಸರ್ ಮತ್ತೆ ಗೆದ್ದರು ಎಂದು ಫೋಟೋ ಹಾಕಿದವನೂ ನಾನೇ. ಎರಡನೆಯ ಬೇಸಿಗೆಯ ಕೊನೆಗೆ ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. 'ಎಲ್ಲಾರಿಗೂ ಎಲ್ಲಾ ಆಟ ಒಗ್ಗೂದಿಲ್ಲ ತಮ್ಮಾ. ಬ್ಯಾಸರ ಮಾಡ್ಕೋಬ್ಯಾಡ' ಎಂದರು. ಅಷ್ಟು ಮೃದುವಾಗಿ ಅವರು ಇನ್ನಾವತ್ತೂ ಮಾತಾಡಿರಲಿಲ್ಲ. ನಾನು ರೈಫಲನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಲೈಸೆನ್ಸನ್ನು ಮಾತ್ರ ಯಾಕೋ ನವೀಕರಿಸುತ್ತ ಬಂದೆ. ಶನಿವಾರಗಳಲ್ಲಿ ಹುಲ್ಲು ಕತ್ತರಿಸಿದೆ.

ಅವರು ಹೋಗಿ ಕೆಲವು ವಾರಗಳಾದ ಮೇಲೆ ವೈನಿ ಫೋನ್ ಮಾಡಿದರು. ಬಂದೂಕುಗಳನ್ನು ಒಯ್ದು ಯಾರಿಗೆ ಕೊಡಬೇಕೋ ಕೊಡಿ, ನನಗೆ ಲೈಸೆನ್ಸ್ ಇಲ್ಲ, ಮನೆಯಲ್ಲಿಟ್ಟುಕೊಂಡು ಮಲಗಲು ಹೆದರಿಕೆ ಎಂದರು. ಲೈಸೆನ್ಸ್ ಇರುವ ಕನ್ನಡದವನೆಂದರೆ ಅವರಿಗೆ ಗೊತ್ತಿದ್ದದ್ದು ನಾನೊಬ್ಬನೇ. ಒಂದು ಭಾನುವಾರ ಬೆಳಿಗ್ಗೆ ಹೋದೆ. ಬೇಸ್‌ಮೆಂಟಿಗೆ ಇಳಿಯುವ ಮೊದಲು ಅಭ್ಯಾಸಬಲದಿಂದ ಕೈ ತೊಳೆದುಕೊಂಡೆ.

ಎಲ್ಲ ಇಟ್ಟಲ್ಲೇ ಇತ್ತು. ಇಡ್ಲಿ ತಟ್ಟೆಯ ಕುಳಿಗಳಲ್ಲಿ ಗುಂಡುಗಳು, ಗೋಡೆಗೆ ಒರಗಿಸಿದ ಹಳೆಯ ನಳಿಗೆಗಳು. ಕೊನೆಯಲ್ಲಿ ಒಂದನ್ನು ಮಾತ್ರ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಬೇರೆ ಇಟ್ಟಿದ್ದರು. ನಾನು ಬಟ್ಟೆ ಬಿಚ್ಚುವಾಗ ವೈನಿ ಮೆಟ್ಟಿಲ ಮೇಲೆ ಕೂತಿದ್ದರು.

'ಅದನ್ನ ನನಗ ಒಮ್ಮೆನೂ ಮುಟ್ಟಗೊಡಲಿಲ್ಲ ನೋಡ್ರಿ. ದಸರಾಕ್ಕ ಕುಂಕುಮ ಹಚ್ಚತೀನಂದ್ರ, ಅದಕ್ಕ ಹಚ್ಚಿ ಆಗೇದ ಅಂತಿದ್ರು. ಯಾರು ಹಚ್ಚಿದ್ರು ಅಂದ್ರ ಹೇಳತಿದ್ದಿಲ್ಲ.'

ತಿರುಪು ಮುಗಿದ ಜಾಗದಲ್ಲಿ ಕಡಲೆಬೇಳೆಯಷ್ಟು ಕಂದು ಕಲೆ ಇತ್ತು. ಅದರ ಸುತ್ತ ಉಕ್ಕು ಉಳಿದ ಕಡೆಗಿಂತ ಹೆಚ್ಚು ಹೊಳೆಯುತ್ತಿತ್ತು. ಉಜ್ಜಿದ್ದಾರೆ, ಬಹಳ ಸಲ ಉಜ್ಜಿದ್ದಾರೆ. ಹೋಗಿಲ್ಲ.

ನಾನು ಅವರ ಸ್ಟೂಲಿನ ಮೇಲೆಯೇ ಕೂತೆ. ನನ್ನ ರೈಫಲಿನಲ್ಲಿ ಎರಡು ಬೇಸಿಗೆ ಇದ್ದದ್ದು ಅವರ ನಳಿಗೆ, ಸುಮಾರಿನದು. ಅವರ ರೈಫಲಿನಲ್ಲಿ ಇದ್ದದ್ದು ನನ್ನದು. ಚಳಿಗಾಲದಲ್ಲಿ ಬದಲಾಯಿಸಿಕೊಂಡಿದ್ದರು. ಕೇಳಿದ್ದರೆ ಕೊಡುತ್ತಿದ್ದೆ, ಸರ್ ಇಟ್ಟುಕೊಳ್ಳಿ ಎಂದು ಎರಡೂ ಕೈಯಿಂದ ಕೊಡುತ್ತಿದ್ದೆ. ಕೇಳಲು ಆಗಲಿಲ್ಲ ಅವರಿಂದ. ಕೇಳಿದ್ದರೆ, ತಮ್ಮ ಕೈಯಿಂದಲೇ ಒಂದೇ ಅಳತೆಗೆ ಮಾಡಿದ ಎರಡರಲ್ಲಿ ಅಳತೆಗೆ ಸಿಗದ್ದೇನೋ ಒಂದು ನನ್ನ ಪಾಲಿಗೆ ಬಂತು ಎಂದು ಒಪ್ಪಬೇಕಾಗುತ್ತಿತ್ತು. ಅದಕ್ಕಿಂತ ಕಳ್ಳತನ ಸುಲಭವಾಗಿ ಕಂಡಿತು. ಆದರೂ ನಾನು ಅದನ್ನು ಕ್ಷಮಿಸಿಬಿಡುತ್ತಿದ್ದೆನೇನೋ. ಆಸೆ ಯಾರಿಗಿಲ್ಲ. ಹೆಬ್ಬೆರಳನ್ನು ಹಿಡಿದು ಎತ್ತಿದರಲ್ಲ, ಅದನ್ನು ಕ್ಷಮಿಸಲು ನನ್ನಿಂದ ಆಗುವುದಿಲ್ಲ. ನಳಿಗೆ ತೆಗೆದುಕೊಂಡು ಸುಮ್ಮನಿರಬಹುದಿತ್ತು.

'ಏನರ ಗೊತ್ತದ ಏನ್ರಿ ನಿಮಗ, ಕುಂಕುಮ ಯಾರು ಹಚ್ಚಿದ್ರಂತ?' ವೈನಿ ಕೇಳಿದರು.

ಗೊತ್ತಿಲ್ಲ ವೈನಿ ಎಂದೆ. ನಿಮಗೆ ಬೇಕಾದದ್ದು ಒಂದು ಇಟ್ಟುಕೊಳ್ಳಿ, ಅವರ ನೆನಪಿಗೆ ಎಂದರು. ಇದನ್ನು ಇಟ್ಟುಕೊಳ್ಳುತ್ತೇನೆ ಎಂದೆ. ಮೇಲೆ ಹೋಗಿ ಜೋಳದ ರೊಟ್ಟಿ, ಎಣ್ಣೆಗಾಯಿ ಉಂಡೆ. ವೈನಿ ಊಟದ ಮೇಲೆ ಚಹಾ ಕೊಟ್ಟು, ಸಕ್ಕರೆ ಸರಿ ಇದೆಯೋ ಇಲ್ಲವೋ ಎಂದು ನನ್ನ ಮುಖ ನೋಡುತ್ತ ನಿಂತರು. ಸರಿಯಾಗಿದೆ ಎಂದಾಗ ಕೂತುಕೊಂಡರು.

ಈ ವರ್ಷದಿಂದ ಕ್ಲಬ್ಬಿನವರು ಅವರ ಹೆಸರಿನಲ್ಲಿ ಒಂದು ಫಲಕ ಇಟ್ಟಿದ್ದಾರೆ. ಮೊದಲ ಪಂದ್ಯದ ದಿನ ಅವರ ಬಗ್ಗೆ ಎರಡು ಮಾತಾಡಲು ನನ್ನನ್ನೇ ಕರೆದರು. ನನಗೆ ಗೊತ್ತಿರುವುದೆಲ್ಲ ಅವರೇ ಕಲಿಸಿದ್ದು ಎಂದೆ. ಅಷ್ಟು ಹೇಳಿ ಕೆಳಗಿಳಿದೆ, ಎಲ್ಲರೂ ದುಃಖ ಎಂದುಕೊಂಡರು.

ಪಂದ್ಯ ಮುಗಿದು ಜನ ಹೋದ ಮೇಲೆ ನನ್ನ ರೈಫಲನ್ನೂ ಆ ನಳಿಗೆಯನ್ನೂ ಕಾರಿನಿಂದ ಇಳಿಸಿದೆ. ಕಾರ್ಯದರ್ಶಿ ತನ್ನ ಸಲಕರಣೆ ತಂದ. ಕೂಡಿಸುವ ಮೊದಲು ಸಣ್ಣ ಕ್ಯಾಮೆರಾ ತೂರಿಸಿ ಒಳಗಡೆ ತೋರಿಸಿದ. ಗುಂಡು ಹೊರಡುವ ಕಡೆ ಒಳಮೈಯೆಲ್ಲ ಬೇಸಿಗೆಯ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿತ್ತು. ಇದರ ಕಥೆ ಮುಗಿದಿದೆ, ಅವನು ಇದನ್ನು ಪೂರ್ತಿ ಉಪಯೋಗಿಸಿದ್ದಾನೆ, ಅವನ ಕೈಗೆ ಸಿಕ್ಕ ಅತಿ ಒಳ್ಳೆಯ ನಳಿಗೆ ಇದೇ ಇರಬೇಕು ಎಂದು ಮುದುಕ ಗೌರವದಿಂದ ಹೇಳಿದ.

'ಅವರದಲ್ಲ, ನನ್ನದು' ಎಂದೆ. ನಾನು ಹೇಳಿದ್ದು ಕನ್ನಡದಲ್ಲಿ. ಅವನಿಗೆ ತಿಳಿಯಲಿಲ್ಲ, ನಾನೂ ಬಿಡಿಸಿ ಹೇಳಲಿಲ್ಲ.

ಮುಗಿದಿದೆ ಎಂದು ಗೊತ್ತಿದ್ದೂ ಹೊಡೆದೆ. ಗಾಳಿ ಇರಲಿಲ್ಲ. ರಿಬ್ಬನ್ನುಗಳು ನೇರ ಕೆಳಗೆ ಜೋತು ಬಿದ್ದಿದ್ದವು. ಅವರು ಕಲಿಸಿದ ಹಾಗೆಯೇ ಕೂತು, ಅವರು ಕಲಿಸಿದ ಹಾಗೆಯೇ ಉಸಿರು ಬಿಟ್ಟು, ಐದು ಗುಂಡು ಹೊಡೆದೆ. ದೂರದರ್ಶಕದಲ್ಲಿ ನೋಡಿದರೆ ಐದು ಬೇರೆಬೇರೆ ತೂತು, ಒಂದಕ್ಕೊಂದು ಸಂಬಂಧವಿಲ್ಲದ ಹಾಗೆ ಕಾಗದದ ತುಂಬ ಬಿದ್ದಿದ್ದವು. ನಳಿಗೆ ಸವೆದಿದೆ ಎಂದು ಈಗಷ್ಟೇ ಕಣ್ಣಾರೆ ಕಂಡಿದ್ದೆ. ಆದರೂ ತಲೆಯೆತ್ತಿ ನಾನು ಮೊದಲು ನೋಡಿಕೊಂಡದ್ದು ನನ್ನ ಹೆಬ್ಬೆರಳನ್ನು.